ಹಜಾರದ ಹೂವಿನ ನೆಲ



ಹಳೆಯ ಮನೆಯ ದುರಸ್ತಿಗೆ ಕೈಹಾಕಿದವರು ಬಾಗಿಲನ್ನು ಉಳಿಸಿಕೊಳ್ಳುತ್ತಾರೆ, ಅದು ತೇಗ ಎಂದು. ಕಂಬವನ್ನು ಉಳಿಸಿಕೊಳ್ಳುತ್ತಾರೆ, ಅದು ಕಲ್ಲು ಎಂದು. ಕಿಟಕಿಯ ಮೇಲಿನ ಬಣ್ಣದ ಗಾಜನ್ನೂ ಜೋಪಾನ ಮಾಡುತ್ತಾರೆ. ನೆಲದ ಮಾತು ಬಂದಾಗ ಮಾತ್ರ ಮನಸ್ಸು ಕಲ್ಲಾಗುತ್ತದೆ. ‘ಅಲ್ಲಲ್ಲಿ ಎದ್ದಿದೆ, ಬಣ್ಣ ಮಾಸಿದೆ, ಎಲ್ಲ ಕಿತ್ತು ಹೊಸ ಟೈಲ್ಸ್ ಹಾಕಿಸಿಬಿಡೋಣ’ ಎಂದು ಮನೆಯವರೂ ಹೇಳುತ್ತಾರೆ, ಗುತ್ತಿಗೆದಾರರೂ ಹೇಳುತ್ತಾರೆ. ಒಂದೆರಡು ದಿನದಲ್ಲಿ, ಮೂರು ತಲೆಮಾರು ಓಡಾಡಿದ ನೆಲ ಗೇಟಿನ ಹೊರಗೆ ಕಲ್ಲುಮಣ್ಣಿನ ಗುಡ್ಡೆಯಾಗಿ ಬಿದ್ದಿರುತ್ತದೆ. ಅಂಥ ಗುಡ್ಡೆಗಳನ್ನು ಬಸವನಗುಡಿಯಲ್ಲೂ ಮಲ್ಲೇಶ್ವರದಲ್ಲೂ ಮೈಸೂರಿನ ಹಳೆಯ ಬಡಾವಣೆಗಳಲ್ಲೂ ನಾನು ಕಂಡಿದ್ದೇನೆ, ಕಂಡಾಗಲೆಲ್ಲ ಸಂಕಟಪಟ್ಟಿದ್ದೇನೆ. ಅದರಲ್ಲಿ ಬಹುಪಾಲು ನೆಲವನ್ನು ಕೀಳಬೇಕಾದ ಅಗತ್ಯವೇ ಇರಲಿಲ್ಲ. ಸರಿಪಡಿಸಬಹುದಿತ್ತು. ಹೇಗೆ ಎಂಬುದನ್ನೇ ಇವತ್ತು ಹೇಳಬೇಕೆಂದಿದ್ದೇನೆ.

ನಾನು ಹೇಳುತ್ತಿರುವುದು ಎಂಟು ಇಂಚು ಉದ್ದ, ಎಂಟು ಇಂಚು ಅಗಲದ ಹೂವಿನ ಟೈಲ್ಸುಗಳ ವಿಷಯ. ಬೆಂಗಳೂರಿನಲ್ಲಿ 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆಗಳಲ್ಲಿ, ಮರದ ಜಾಲರಿಯ ಮಂಕಿಟಾಪ್ ಇರುವ ಮನೆಗಳ ಒಳಗೆ ಕಾಲಿಟ್ಟರೆ ಹಜಾರದಲ್ಲೂ, ಹಜಾರದಿಂದ ಅಡುಗೆಮನೆಗೆ ಹೋಗುವ ಉದ್ದನೆಯ ಪ್ಯಾಸೇಜಿನಲ್ಲೂ ಇವು ಸಿಗುತ್ತವೆ. ಕೆನೆಬಣ್ಣದ ಮೇಲೆ ಕುಂಕುಮಗೆಂಪಿನ ನಕ್ಷತ್ರ, ಬೂದುಹಸಿರಿನ ಎಲೆ. ನಾಲ್ಕು ಟೈಲು ಕೂಡಿದರೆ ಒಂದು ಪೂರ್ತಿ ಹೂವು. ಗೋಡೆಯ ಬದಿಗೆ ಕಪ್ಪು ಗೆರೆಯ ಅಂಚು, ಆ ಅಂಚು ಮೂಲೆಯಲ್ಲಿ ತಿರುಗುವುದಕ್ಕೆಂದೇ ಬೇರೆ ಮೂಲೆ ಟೈಲು. ಹಾಕಿಸಿದವರು ಲೆಕ್ಕ ಹಾಕಿ, ನಡುವಿನಿಂದ ಜೋಡಿಸುತ್ತ ಬಂದು, ಕತ್ತರಿಸಬೇಕಾದ ತುಂಡುಗಳನ್ನು ಕಣ್ಣಿಗೆ ಬೀಳದ ಕಡೆಗೆ ತಳ್ಳಿರುತ್ತಾರೆ. ಬಾಗಿಲಲ್ಲಿ ನಿಂತು ಉದ್ದಕ್ಕೆ ನೋಡಿದರೆ ಆ ಕೈಚಳಕ ತಿಳಿಯುತ್ತದೆ.

ಇವು ಏನು ಎಂದು ಗೊತ್ತಿಲ್ಲದೆ ರಿಪೇರಿಗೆ ಇಳಿಯಬಾರದು. ಎಷ್ಟೋ ನೆಲಗಳು ಹಾಳಾಗಿರುವುದು ಇಲ್ಲಿಯೇ.

ನೋಡುವುದಕ್ಕೆ ಸುಟ್ಟ ಮಣ್ಣಿನ ಹೆಂಚಿನಂತೆ ಕಂಡರೂ ಈ ಟೈಲು ಒಲೆಯ ಮುಖವನ್ನೇ ಕಂಡಿರುವುದಿಲ್ಲ. ಇದು ಸಿಮೆಂಟಿನದು. ಕಬ್ಬಿಣದ ಚೌಕಟ್ಟಿನ ಒಳಗೆ ಹಿತ್ತಾಳೆ ಪಟ್ಟಿಗಳನ್ನು ಹೂವಿನ ಆಕಾರಕ್ಕೆ ಬಗ್ಗಿಸಿ ಮಾಡಿದ ಅಚ್ಚನ್ನು ಇಡುತ್ತಾರೆ. ಅಚ್ಚಿನ ಒಂದೊಂದು ಮನೆಗೂ ಒಂದೊಂದು ಬಣ್ಣ. ಬಿಳಿ ಸಿಮೆಂಟು, ಅಮೃತಶಿಲೆಯ ಪುಡಿ, ಬಣ್ಣದ ಪುಡಿ ಇವನ್ನು ನೀರಿನಲ್ಲಿ ಕಲಸಿ, ಸಣ್ಣ ಸೌಟಿನಿಂದ ಆಯಾ ಮನೆಗೆ ಹುಯ್ಯುತ್ತಾರೆ. ಕೆಂಪು, ಹಳದಿ, ಕಪ್ಪು ಬರುವುದು ಕಬ್ಬಿಣದ ಆಕ್ಸೈಡುಗಳಿಂದ. ಹಾಗಾಗಿಯೇ ಬಿಸಿಲಿಗೂ ಅವು ಸುಲಭವಾಗಿ ಮಂಕಾಗುವುದಿಲ್ಲ. ಆಮೇಲೆ ಅಚ್ಚನ್ನು ಅಲುಗಾಡಿಸದೆ ನೇರವಾಗಿ ಮೇಲೆತ್ತಬೇಕು. ಬಣ್ಣ ಬಣ್ಣಕ್ಕೆ ತಾಗುತ್ತದೆ, ಆದರೆ ಬೆರೆಯುವುದಿಲ್ಲ. ಅದರ ಮೇಲೆ ಒಣ ಸಿಮೆಂಟು ಮರಳಿನ ಒಂದು ಪದರ ಉದುರಿಸುತ್ತಾರೆ, ಅದು ಬಣ್ಣದ ನೀರನ್ನು ಹೀರಿಕೊಳ್ಳುತ್ತದೆ. ಅದರ ಮೇಲೆ ಒರಟು ಗಾರೆಯ ಇನ್ನೊಂದು ಪದರ. ಎಲ್ಲವನ್ನೂ ಪ್ರೆಸ್ಸಿನಲ್ಲಿ ಒತ್ತಿ, ಟೈಲನ್ನು ಹೊರತೆಗೆದು, ನೀರಿನ ತೊಟ್ಟಿಯಲ್ಲಿ ನೆನೆಯಲು ಬಿಡುತ್ತಾರೆ. ಮೇಲಿನ ಬಣ್ಣದ ಪದರ 3–4 ಮಿಲಿಮೀಟರು, ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟು ದಪ್ಪ. ಒಟ್ಟು ಟೈಲು ಸುಮಾರು 20 ಮಿಲಿಮೀಟರು. ಅಷ್ಟು ದಪ್ಪದ ಬಣ್ಣ ಕಾಲ್ತುಳಿತಕ್ಕೆ ಸವೆದು ಮುಗಿಯಲು ಹಲವು ತಲೆಮಾರು ಬೇಕು. ಯಂತ್ರದ ಕಲ್ಲು ಹಾಕಿ ಉಜ್ಜಿದರೆ ಒಂದೇ ಮಧ್ಯಾಹ್ನ ಸಾಕು.

ಈ ವಿದ್ಯೆ ಹುಟ್ಟಿದ್ದು 19ನೇ ಶತಮಾನದ ನಡುವಿನಲ್ಲಿ, ಫ್ರಾನ್ಸ್ ಮತ್ತು ಸ್ಪೇನ್ ದೇಶಗಳಲ್ಲಿ, ಕಾರ್ಖಾನೆಯ ಸಿಮೆಂಟು ಕೈಗೆ ಸಿಗತೊಡಗಿದ ಮೇಲೆ. ಇಂಗ್ಲೆಂಡಿನವರು ಅದೇ ಕಾಲದಲ್ಲಿ ಬೇರೆ ದಾರಿ ಹಿಡಿದಿದ್ದರು. ಅಲ್ಲಿನ ಸ್ಟೋಕ್ ಪಟ್ಟಣದ ಹರ್ಬರ್ಟ್ ಮಿಂಟನ್, ಒಂದು ಬಣ್ಣದ ಮಣ್ಣಿನಲ್ಲಿ ಹಳ್ಳ ತೋಡಿ ಇನ್ನೊಂದು ಬಣ್ಣದ ಮಣ್ಣು ತುಂಬಿ ಸುಡುವ ಹಳೆಯ ಮಠಗಳ ಕಲೆಯನ್ನು ಮತ್ತೆ ಬಳಕೆಗೆ ತಂದರು. ಲಂಡನ್ನಿನ ಪಾರ್ಲಿಮೆಂಟ್ ಭವನದ ನೆಲಕ್ಕೆ ವಾಸ್ತುಶಿಲ್ಪಿ ಪ್ಯೂಜಿನ್ ನಕ್ಷೆ ಬರೆದರು, ಮಿಂಟನ್ ಟೈಲ್ಸ್ ಒದಗಿಸಿದರು. ಆಮೇಲೆ ಸಾಧಾರಣ ಮನೆಗಳ ಪ್ರವೇಶದ ಓಣಿಗೂ ಅಂಥ ನೆಲವೇ ಬೇಕೆಂದಾಯಿತು. ಇಂಗ್ಲೆಂಡಿನ ಟೈಲ್ಸು ನಮ್ಮಲ್ಲಿಗೂ ಬಂತು. ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ಮೇಲೆ ಗಾಜಿನ ನವಿಲು, ಕೆಳಗೆ ನೆಲದಲ್ಲೂ ನವಿಲು ಇದೆಯಲ್ಲ, ಆ ನೆಲದ ಟೈಲ್ಸುಗಳು ಇಂಗ್ಲೆಂಡಿನವು.

ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಹೂವಿನ ನೆಲ ತಂದುಕೊಟ್ಟದ್ದು ಸಿಮೆಂಟು ಟೈಲು. ಅದಕ್ಕೆ ಭಟ್ಟಿ ಬೇಡ, ಸೌದೆ ಬೇಡ. ಅಚ್ಚು, ಪ್ರೆಸ್ಸು, ನೀರು ಇದ್ದರೆ ಸಾಕು. ಮುಂಬಯಿಯಲ್ಲಿ 1922ರಲ್ಲಿ ಸಿಧ್ವಾ ಮನೆತನದವರು ಭಾರತ್ ಟೈಲ್ಸ್ ಶುರುಮಾಡಿದ್ದು ಸ್ವದೇಶಿಯ ಹುರುಪಿನಲ್ಲಿ, ಹೊರದೇಶದಿಂದ ಬರುವ ಟೈಲಿಗೆ ಸರಿಸಾಟಿಯಾದದ್ದನ್ನು ಇಲ್ಲಿಯೇ ಮಾಡಿ ತೋರಿಸಬೇಕೆಂದು. ನಾವು ಕಿತ್ತೆಸೆಯುತ್ತಿರುವ ನೆಲಕ್ಕೆ ಇಂಥ ಚರಿತ್ರೆಯೂ ಉಂಟು ಎಂಬುದನ್ನು ಮನೆಯವರು ತಿಳಿದಿರಬೇಕು.

ಕರಾವಳಿಯ ಮನೆಗಳ ಮಾತು ಬೇರೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ನದೀತೀರದ ಆವೆಮಣ್ಣಿನಿಂದ ಮಾಡಿಗೆ ಮಾತ್ರವಲ್ಲ ನೆಲಕ್ಕೂ ಹೆಂಚು ತಯಾರಾಗತೊಡಗಿತು. ಅಲ್ಲಿನ ನೆಲ ಸುಟ್ಟಮಣ್ಣಿನದು, ಒಂದೇ ಬಣ್ಣದ್ದು. ಇನ್ನು ಕೆಂಪು ಆಕ್ಸೈಡಿನ ನೆಲವಂತೂ ಟೈಲೇ ಅಲ್ಲ, ಜಾಗದಲ್ಲೇ ತೇಯ್ದು ಮಾಡಿದ್ದು. ನಿಮ್ಮ ಮನೆಯದು ಯಾವುದು ಎಂದು ಅನುಮಾನವಿದ್ದರೆ ಒಡೆದ ಒಂದು ಚೂರನ್ನು ಕೈಗೆ ತೆಗೆದುಕೊಂಡು ಅಂಚನ್ನು ನೋಡಿ. ಮೇಲಿನಿಂದ ಕೆಳಗಿನವರೆಗೂ ಇಟ್ಟಿಗೆಯಂತೆ ಒಂದೇ ಕೆಂಪಿದ್ದರೆ ಅದು ಸುಟ್ಟಮಣ್ಣು. ಮೇಲೆ ತೆಳ್ಳನೆಯ ಬಣ್ಣ, ಕೆಳಗೆ ಬೂದುಬಣ್ಣದ ಎರಡು ಪದರ ಕಂಡರೆ ಅದು ಸಿಮೆಂಟು.

ಸಿಮೆಂಟು ಎಂದು ಖಾತ್ರಿಯಾಯಿತೋ, ಮನೆಯಲ್ಲಿರುವ ಆಸಿಡ್ ಬಾಟಲಿಯನ್ನು ಆಚೆ ಇಟ್ಟುಬಿಡಿ. ನೆಲ ತೊಳೆಯಲು ಆಸಿಡ್ ಹಾಕುವುದು ನಮ್ಮಲ್ಲಿ ರೂಢಿ. ಹಾಕಿದ ಕೂಡಲೇ ಬುಸಬುಸನೆ ನೊರೆ ಬರುತ್ತದೆ, ಕೊಳೆ ಬಿಡುತ್ತಿದೆ ಎಂದು ನೋಡುವವರಿಗೆ ಸಮಾಧಾನ. ನಿಜವಾಗಿ ಆ ನೊರೆ ಕೊಳೆಯದಲ್ಲ. ಟೈಲಿನಲ್ಲಿರುವ ಅಮೃತಶಿಲೆಯ ಪುಡಿ, ಸುಣ್ಣದ ಅಂಶ ಕರಗುತ್ತಿರುವುದರ ಗುರುತು ಅದು. ಕರಗಿ ಉಳಿಯುವುದು ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪು. ಅದಕ್ಕೆ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುವ ಗುಣವಿದೆ. ಹೀಗಾಗಿ ಆಸಿಡ್ ಕಂಡ ನೆಲ ಮಳೆಗಾಲದುದ್ದಕ್ಕೂ ಒದ್ದೆಯಾಗಿರುತ್ತದೆ, ಮೇಲ್ಮೈ ಒರಟಾಗಿ ಮೊದಲಿಗಿಂತ ಬೇಗ ಕೊಳೆ ಹಿಡಿಯುತ್ತದೆ, ಕೊಳೆ ಹಿಡಿದದ್ದಕ್ಕೆ ಮತ್ತೆ ಆಸಿಡ್. ಹುಣಸೆಹಣ್ಣು, ನಿಂಬೆಹಣ್ಣು ಕೂಡ ಇದೇ ಜಾತಿ, ಸ್ವಲ್ಪ ಮೆಲ್ಲಗೆ ಮಾಡುತ್ತವೆ ಅಷ್ಟೆ. ಹಿತ್ತಾಳೆ ಪಾತ್ರೆಗೆ ಒಳ್ಳೆಯದು ನೆಲಕ್ಕೆ ಒಳ್ಳೆಯದಲ್ಲ.

ಕೆಲಸ ಶುರುವಾಗಬೇಕಾದದ್ದು ಮನೆಯ ಹೊರಗಿನಿಂದ. ಹಳೆಯ ಟೈಲ್ಸು ಏಳುವುದಕ್ಕೆ, ಮೇಲೆ ಬಿಳಿ ಉಪ್ಪು ಹೂತಂತೆ ಕಾಣಿಸಿಕೊಳ್ಳುವುದಕ್ಕೆ ಮುಖ್ಯ ಕಾರಣ ತೇವ. ಆ ತೇವ ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯದೆ ಟೈಲು ಕೂರಿಸಿದರೆ ಅದು ಮತ್ತೆ ಏಳುತ್ತದೆ. ಮನೆ ಕಟ್ಟಿದಾಗ ಅದರ ತಳಪಾಯ ರಸ್ತೆಗಿಂತ ಎರಡು ಮೂರು ಮೆಟ್ಟಿಲು ಮೇಲಿತ್ತು. ಆಮೇಲೆ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು, ಇವತ್ತು ಎಷ್ಟೋ ಹಳೆಯ ಮನೆಗಳು ರಸ್ತೆಗಿಂತ ತಗ್ಗಿನಲ್ಲಿವೆ. ಸುತ್ತ ಮಣ್ಣಿದ್ದ ಅಂಗಳಕ್ಕೆ ಕಾಂಕ್ರೀಟು ಹಾಕಿಸಿದ್ದಾರೆ. ಮೊದಲು ಇಂಗಿ ಹೋಗುತ್ತಿದ್ದ ಮಳೆನೀರು ಈಗ ಗೋಡೆಯ ಬುಡಕ್ಕೆ ಹರಿಯುತ್ತದೆ. ಬಚ್ಚಲಮನೆಯ ಹಳೆಯ ಕಬ್ಬಿಣದ ಪೈಪು ತುಕ್ಕು ಹಿಡಿದು ಗೋಡೆಯೊಳಗೇ ಜಿನುಗುತ್ತಿರಬಹುದು. ಇವನ್ನು ಮೊದಲು ಸರಿಪಡಿಸಿ. ಗೋಡೆಯ ಪಕ್ಕದ ಕಾಂಕ್ರೀಟನ್ನು ಒಂದು ಅಡಿ ಅಗಲಕ್ಕೆ ಒಡೆಸಿ ಜಲ್ಲಿ ತುಂಬಿಸಿ, ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡಿಸಿ. ಇದಕ್ಕೆ ಖರ್ಚಾಗುವ ಹಣ ನೆಲಕ್ಕೇ ಖರ್ಚಾದ ಹಣ ಎಂದು ತಿಳಿಯಿರಿ.

ಬಿಳಿ ಉಪ್ಪನ್ನು ನೀರು ಹಾಕಿ ತೊಳೆಯಬೇಡಿ. ಕರಗಿ ವಾಪಸು ಒಳಗೇ ಹೋಗುತ್ತದೆ. ಒಣ ಬ್ರಷ್ಷಿನಿಂದ ಗುಡಿಸಿ, ಮೊರಕ್ಕೆ ಎತ್ತಿ ಹೊರಗೆ ಹಾಕಿ. ತೇವ ನಿಂತ ಮೇಲೂ ಕೆಲವು ವಾರ ಅದು ಬರುತ್ತಿರುತ್ತದೆ, ಬರಬರುತ್ತ ಕಡಿಮೆಯಾಗುತ್ತದೆ.

ಆಮೇಲೆ ನೆಲದ ಪರೀಕ್ಷೆ. ಬಸವನಗುಡಿಯ ಒಂದು ಮನೆಯಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರು ಇದನ್ನು ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಪ್ಯಾಸೇಜಿನ ಒಂದು ತುದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತರು. ಕರಣಿಯನ್ನು ತಿರುಗಿಸಿ ಹಿಡಿದು ಅದರ ಮರದ ಹಿಡಿಯಿಂದ ಪ್ರತಿ ಟೈಲಿನ ನಡುವಿಗೆ ಒಂದು, ನಾಲ್ಕು ಮೂಲೆಗೆ ನಾಲ್ಕು ಏಟು ಮೆಲ್ಲಗೆ ಬಡಿಯುತ್ತ ಹಿಂದಕ್ಕೆ ಸರಿದರು. ಗಟ್ಟಿಯಾಗಿ ಕೂತ ಟೈಲು ‘ಟಕ್’ ಎನ್ನುತ್ತಿತ್ತು, ಕೆಳಗೆ ಸಡಿಲವಾದದ್ದು ‘ಡಬ್’ ಎನ್ನುತ್ತಿತ್ತು. ಪೊಳ್ಳು ಸದ್ದು ಬಂದದ್ದಕ್ಕೆ ಸೀಮೆಸುಣ್ಣದಲ್ಲಿ ಸೊನ್ನೆ ಬರೆದರು. ಒಂದು ಮೂಲೆ ಮಾತ್ರ ಪೊಳ್ಳಿದ್ದರೆ ಆ ಮೂಲೆಗೆ ಮಾತ್ರ ಗೀಟು. ಮನೆಯೊಡತಿ, ನಿವೃತ್ತ ಅಧ್ಯಾಪಕಿ, ಆತಂಕದಿಂದ ಕೇಳಿದರು: ‘ಎಷ್ಟು ಕೀಳಬೇಕಾಗುತ್ತೆ ಮೇಸ್ತ್ರಿಗಳೇ?’

‘ಸೊನ್ನೆ ಇರೋದನ್ನ ಮಾತ್ರ ಅಮ್ಮಾ. ಗೀಟು ಎಳೆದಿರೋದು ನಿಮ್ಮ ಕಾಲಕ್ಕೂ ಇರುತ್ತೆ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಅದರ ತಂಟೆಗೆ ಹೋಗೋದು ಬೇಡ.’

ಅವರು ಸೊನ್ನೆ ಬರೆದದ್ದು ಆ ಪ್ಯಾಸೇಜಿನ ಒಂದು ಸಣ್ಣ ಭಾಗಕ್ಕೆ ಮಾತ್ರ, ಅದೂ ಹೆಚ್ಚಿನದು ಬಚ್ಚಲಮನೆಯ ಗೋಡೆಯ ಪಕ್ಕದಲ್ಲಿ. ನೆಲ ಪೂರ್ತಿ ಹೋಗಿದೆ ಎಂದು ಹಿಂದೆ ಮನೆಯೊಡತಿಗೆ ಯಾರೋ ಹೇಳಿದ್ದರಂತೆ.

ಕೀಳುವ ಮುಂಚೆ ಫೋಟೋ ತೆಗೆಯಿರಿ, ಟೈಲಿನ ಮೇಲೆ ಕಾಗದದ ಟೇಪು ಅಂಟಿಸಿ ನಂಬರು ಬರೆಯಿರಿ, ಬಾಣದ ಗುರುತಿನಿಂದ ದಿಕ್ಕು ತೋರಿಸಿ. ಹೂವಿನ ಕಾಲುಭಾಗ ತಿರುಗಿ ಕೂತರೆ ಇಡೀ ಸಾಲು ಕೆಡುತ್ತದೆ. ಆಗಲೇ ಒಡೆದಿರುವ ಟೈಲಿನಿಂದ ಶುರುಮಾಡಬೇಕು. ಅದನ್ನು ನಡುವಿನಿಂದ ಚೂರು ಮಾಡಿ ತೆಗೆದರೆ ಪಕ್ಕದ್ದರ ಅಡಿಗೆ ಉಳಿ ಹೋಗುವುದಕ್ಕೆ ಜಾಗ ಸಿಗುತ್ತದೆ. ಮೇಲಿನಿಂದ ಮೀಟಿದರೆ ಮೂಲೆ ಹಾರಿಹೋಗುತ್ತದೆ, ಅಡಿಯಿಂದ ಅಡ್ಡಲಾಗಿ ಬಿಡಿಸಬೇಕು. ಸಂದಿನಲ್ಲಿ ಗರಗಸದ ಬ್ಲೇಡು ಆಡಿಸಿದರೆ ಪಕ್ಕದ ಟೈಲಿನ ಹಿಡಿತ ತಪ್ಪುತ್ತದೆ. ಆ ಕಾಲದವರು ಟೈಲನ್ನು ಕೂರಿಸಿದ್ದು ಸುಣ್ಣ, ಮರಳು, ಸುರ್ಕಿ ಸೇರಿದ ಗಾರೆಯ ಮೇಲೆ. ಸುರ್ಕಿ ಎಂದರೆ ಇಟ್ಟಿಗೆಯ ಪುಡಿ. ಗಾರೆ ಟೈಲಿಗಿಂತ ಮೆದು, ಆದ್ದರಿಂದ ಟೈಲು ಇಡಿಯಾಗಿ ಎದ್ದು ಬರುತ್ತದೆ, ಬೆನ್ನಿಗೆ ಅಂಟಿದ ಗಾರೆಯನ್ನು ಕರಣಿಯಲ್ಲೇ ಕೆರೆಯಬಹುದು. ಈ ಉಪಕಾರವನ್ನು ನಾವೂ ಮುಂದಿನವರಿಗೆ ಮಾಡಬೇಕು. ವಾಪಸು ಕೂರಿಸುವಾಗ ಅದೇ ಸುಣ್ಣದ ಗಾರೆ ಬಳಸಿ. ಸುಣ್ಣ, ಸುರ್ಕಿ, ಮರಳು ಸಮಪಾಲು ಹಾಕುವುದು ಹಳೆಯ ವಾಡಿಕೆ. ಬರೀ ಸಿಮೆಂಟಿನಲ್ಲಿ ಕೂರಿಸಿದರೆ ಗಟ್ಟಿಯಾಗುತ್ತದೆ, ನಿಜ. ಮುಂದೆ ಎಂದಾದರೂ ತೆಗೆಯಬೇಕಾದರೆ ಮಾತ್ರ ಟೈಲು ಚೂರುಚೂರಾಗಿ ಬರುತ್ತದೆ. ಸುಣ್ಣದ ಗಾರೆ ನಿಧಾನ. ಕೂರಿಸಿದ ಜಾಗದ ಮೇಲೆ ಕೆಲವು ದಿನ ಯಾರೂ ಓಡಾಡದಂತೆ ಹಲಗೆ ಅಡ್ಡ ಇಡಬೇಕು, ಒಮ್ಮೆಗೇ ಒಣಗದಂತೆ ಒದ್ದೆ ಗೋಣಿ ಹೊದಿಸಬೇಕು. ಆತುರದವರ ಕೈಗೆ ಈ ಕೆಲಸ ಕೊಡಬಾರದು ಎಂದು ನಾನು ಹೇಳುವುದು ಇದಕ್ಕೇ.

ಒಡೆದುಹೋದ ಟೈಲಿಗೆ ಬದಲು ಎಲ್ಲಿಂದ ತರುವುದು? ಮೊದಲು ಮನೆಯೊಳಗೇ ಹುಡುಕಿ. ಬೀರುವಿನ ಕೆಳಗೆ, ಉಗ್ರಾಣದ ಮೂಲೆಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಅದೇ ವಿನ್ಯಾಸ ಇರುವುದುಂಟು. ಅಲ್ಲಿಯದನ್ನು ತೆಗೆದು ಕಣ್ಣಿಗೆ ಬೀಳುವಲ್ಲಿ ಹಾಕಿ, ಅಲ್ಲಿಗೆ ಸರಳವಾದ ಹೊಸದನ್ನು ಹಾಕಬಹುದು. ಹೊಸದಾಗಿ ಮಾಡಿಸುವುದಾದರೆ ಅಳತೆಯಲ್ಲಿ ಎಚ್ಚರ. ಹಳೆಯ ಎಂಟು ಇಂಚು ಎಂದರೆ 203 ಮಿಲಿಮೀಟರು, ಈಗಿನ ಅಚ್ಚು ಹೆಚ್ಚಾಗಿ 200. ಮೂರು ಮಿಲಿಮೀಟರು ಏನು ಮಹಾ ಎನಿಸಬಹುದು. ಹನ್ನೆರಡು ಅಡಿ ಉದ್ದದ ಸಾಲಿಗೆ 18 ಟೈಲು. ಎರಡಂಗುಲಕ್ಕಿಂತ ಹೆಚ್ಚು ವ್ಯತ್ಯಾಸ ಬಂದು ಹೂವು ಹೂವಿಗೆ ಕೂಡುವುದೇ ಇಲ್ಲ. ಮಾಡಿಸುವವರಿಗೆ ಇಡಿಯಾದ ಒಂದು ಹಳೆಯ ಟೈಲನ್ನೇ ಕೊಟ್ಟು, ಬಣ್ಣವನ್ನು ಅದರ ಬೆಳಕಿಲ್ಲದ ಅಂಚಿನಿಂದಲ್ಲ, ಸವೆದ ಮುಖದಿಂದ ಹೊಂದಿಸಲು ಹೇಳಿ. ಚೆಟ್ಟಿನಾಡಿನ ಆತ್ತಂಗುಡಿಯಲ್ಲಿ ಇವತ್ತಿಗೂ ಗಾಜಿನ ಹಲಗೆಯ ಮೇಲೆ ಕೈಯಲ್ಲೇ ಬಣ್ಣ ಹುಯ್ದು ಟೈಲು ಮಾಡುತ್ತಾರೆ. ಬಲು ಚೆಂದದ ಕೆಲಸ. ಆದರೂ ಅದರ ಹೊಳಪೇ ಬೇರೆ. ಪ್ರೆಸ್ಸಿನಲ್ಲಿ ಒತ್ತಿದ ಹಳೆಯ ಟೈಲಿನ ನಡುವೆ ಒಂದೆರಡನ್ನು ಸೇರಿಸಿದರೆ ಕಣ್ಣಿಗೆ ಹೊಡೆಯುತ್ತದೆ. ಇಡೀ ಕೋಣೆಗೆ ಹಾಕುವುದಾದರೆ ಸರಿ.

ಕೂದಲೆಳೆಯಷ್ಟು ಬಿರುಕಿರುವ ಟೈಲನ್ನು ಮಾತ್ರ ಬದಲಿಸಬೇಡಿ. ಕದಲದಿದ್ದರೆ ಇರಲಿ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಮಿಂಟನ್ ನೆಲವನ್ನು ಇತ್ತೀಚೆಗೆ ದುರಸ್ತಿ ಮಾಡಿದಾಗಲೂ ಚೆನ್ನಾಗಿದ್ದವನ್ನು ಉಳಿಸಿಕೊಂಡು, ಕೆಟ್ಟವಕ್ಕೆ ಮಾತ್ರ ಹಳೆಯ ಕ್ರಮದಲ್ಲೇ ಹೊಸ ಟೈಲು ಮಾಡಿಸಿ ಹಾಕಿದರು. ಬಾಗಿಲ ಹತ್ತಿರ, ಅಡುಗೆಮನೆಯ ಹೊಸಿಲ ಬಳಿ ನೆಲ ತುಸು ಸವೆದು ತಗ್ಗಾಗಿರುತ್ತದೆ. ಅದನ್ನು ಮಟ್ಟ ಮಾಡಬೇಕೆಂದು ಯಂತ್ರ ತರಿಸುವವರಿದ್ದಾರೆ. ಅಲ್ಲಿ ನಡೆದಾಡಿದವರು ಆ ಮನೆಯವರೇ ಅಲ್ಲವೇ? ಆ ಸವೆತ ಮನೆಗೆ ಸೇರಿದ್ದು ಎಂದು ನನ್ನ ಗಟ್ಟಿ ನಂಬಿಕೆ.

ಇನ್ನು ತೊಳೆಯುವ ಕೆಲಸ. ಸುಣ್ಣ, ಡಿಸ್ಟೆಂಪರಿನ ಹನಿಗಳಿದ್ದರೆ ಬಿಸಿನೀರಿನ ಬಟ್ಟೆ ಹಾಕಿ ನೆನೆಸಿ, ಮರದ ಚಕ್ಕೆಯಿಂದಲೋ ಪ್ಲಾಸ್ಟಿಕ್ ಕಾರ್ಡಿನಿಂದಲೋ ಕೆರೆಯಿರಿ. ತಂತಿ ಬ್ರಷ್ಷು ಬೇಡ, ಅದರ ಚೂರು ಉಳಿದು ತುಕ್ಕಿನ ಕಲೆಯಾಗುತ್ತದೆ. ಕ್ಷಾರವೂ ಹುಳಿಯೂ ಇಲ್ಲದ ಸೌಮ್ಯ ಸೋಪಿನ ನೀರನ್ನು ಸ್ವಲ್ಪ ಜಾಗಕ್ಕೆ ಹಾಕಿ, ಹತ್ತು ನಿಮಿಷ ಬಿಟ್ಟು, ನೈಲಾನ್ ಬ್ರಷ್ಷಿನಿಂದ ಉಜ್ಜಿ, ಆ ಕೊಳೆನೀರು ಒಣಗುವ ಮುಂಚೆಯೇ ಬಟ್ಟೆಯಿಂದ ಎತ್ತಿಬಿಡಬೇಕು. ಒಂದು ಬಾರಿಗೆ ಹಾಸಿದ ಟವೆಲಿನಷ್ಟು ಜಾಗ ಸಾಕು. ದೀಪದೆಣ್ಣೆ ಇಂಗಿದ ಕಲೆಗೆ ಮುಲ್ತಾನಿ ಮಿಟ್ಟಿಯನ್ನು ಸೋಪಿನ ನೀರಲ್ಲಿ ಗಟ್ಟಿಯಾಗಿ ಕಲಸಿ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ರಾತ್ರಿ ಬಿಡಿ. ಮಾರನೆಯ ದಿನ ಹಾಳೆ ತೆಗೆದು ಒಣಗಲು ಬಿಟ್ಟರೆ ಒಣಗುತ್ತ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಒಮ್ಮೆಗೇ ಹೋಗದಿದ್ದರೆ ಮತ್ತೊಮ್ಮೆ ಮೆತ್ತಬೇಕು. ಕಬ್ಬಿಣದ ಟ್ರಂಕಿನ ಕಾಲು ಬಿಟ್ಟುಹೋದ ತುಕ್ಕಿನ ಕಲೆ ಮಾತ್ರ ಹೀಗೆ ಹೋಗುವುದಿಲ್ಲ. ಅದನ್ನು ತೆಗೆಯುವ ಮದ್ದುಗಳೆಲ್ಲ ಹುಳಿಯವೇ. ಕಲೆಯೊಂದಿಗೆ ಬದುಕುವುದು ಲೇಸು.

ನೆಲ ಶುಚಿಯಾದ ಕೂಡಲೇ ಹೊಳಪಿನ ಆಸೆ ಹುಟ್ಟುತ್ತದೆ. ಅಂಗಡಿಯಲ್ಲಿ ಗಾಜಿನಂತೆ ಮಿನುಗುವ ಲೇಪಗಳನ್ನು ತೋರಿಸುತ್ತಾರೆ. ಹಳೆಯ ನೆಲದ ಅಡಿಯಲ್ಲಿರುವುದು ದಮ್ಮಸು ಮಾಡಿದ ಮಣ್ಣು, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ. ತೇವ ತಡೆಯುವ ಹಾಳೆ ಅಲ್ಲಿಲ್ಲ. ನೆಲದಿಂದ ಏರುವ ತೇವ ಸಂದುಗಳ ಮೂಲಕ, ಟೈಲಿನ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿಗೆ ಹೋಗಬೇಕು. ಪ್ಲಾಸ್ಟಿಕ್ಕಿನಂಥ ಲೇಪ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ; ಉಪ್ಪು ಬಣ್ಣದ ಪದರವನ್ನೇ ಒಡೆದು ಹೊರಬರುತ್ತದೆ, ಇಲ್ಲವಾದರೆ ತೇವ ಪಕ್ಕದ ಗೋಡೆಯನ್ನು ಹತ್ತುತ್ತದೆ. ಏನನ್ನೇ ಹಚ್ಚುವ ಮುಂಚೆ ನೆಲ ಒಣಗಿದೆಯೇ ಎಂದು ತಿಳಿಯಲು, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕು ಬದಿಗೂ ಟೇಪು ಹಾಕಿ ನೆಲಕ್ಕೆ ಅಂಟಿಸಿ, 16 ಗಂಟೆ ಬಿಟ್ಟು ತೆರೆದು ನೋಡಿ. ಅಡಿಯಲ್ಲಿ ಬೆವರಿದ್ದರೆ ಇನ್ನೂ ಕಾಯಬೇಕು. ಒಣಗಿದೆ ಎಂದಾದರೆ, ಒಳಕ್ಕೆ ಇಂಗುವ, ಆವಿಯನ್ನು ತಡೆಯದ ಸೀಲರನ್ನು ತೆಳ್ಳಗೆ ಹಚ್ಚಿ, ಮೇಲೆ ಒಂದಿಷ್ಟು ಮೇಣ ಬಟ್ಟೆಯಲ್ಲಿ ತಿಕ್ಕಿದರೆ ಸಾಕು. ಬರುವ ಹೊಳಪು ಮೆಲುವಾದದ್ದು, ದಿನದಿನಕ್ಕೂ ಕಾಲು ಆಡಿದಂತೆ ಹೆಚ್ಚುವಂಥದ್ದು. ಸಂದು ತುಂಬುವುದು ಸೀಲರು ಒಂದು ಕೈ ಹಚ್ಚಿದ ಮೇಲೆ. ಮೊದಲೇ ತುಂಬಿದರೆ ಕಪ್ಪು ಗ್ರೌಟಿನ ಬಣ್ಣ ಕೆನೆಬಣ್ಣದ ಟೈಲಿನೊಳಗೆ ಇಂಗಿ ಮತ್ತೆ ಹೋಗುವುದಿಲ್ಲ. ದಿನನಿತ್ಯಕ್ಕೆ ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಫಿನಾಯಿಲು, ಬ್ಲೀಚಿಂಗ್ ಪುಡಿ ಇದರ ಹತ್ತಿರ ಬೇಡ.

ಕೊನೆಯದಾಗಿ ಹಳೆಯ ಟೈಲು ಕೊಳ್ಳುವ ಮಾತು. ನಿಮ್ಮ ಬೀದಿಯಲ್ಲೇ ಅದೇ ಕಾಲದ ಇನ್ನೊಂದು ಮನೆ ಬೀಳುತ್ತಿದ್ದರೆ, ಒಡೆಯುವವರು ನೆಲಕ್ಕೆ ಸುತ್ತಿಗೆ ಹಾಕುವ ಮುಂಚೆ ಹೋಗಿ ಮಾತಾಡಿ. ಒಂದೇ ಊರಲ್ಲಿ, ಒಂದೇ ದಶಕದಲ್ಲಿ ಕಟ್ಟಿದ ಮನೆಗಳಲ್ಲಿ ಒಂದೇ ಅಚ್ಚಿನ ಟೈಲು ಸಿಗುವ ಸಾಧ್ಯತೆ ಹೆಚ್ಚು. ಅಂಚಿನ ಟೈಲು, ಮೂಲೆ ಟೈಲುಗಳನ್ನು ಮೊದಲು ಕೇಳಿ. ಅವೇ ಮುಂದೆ ಎಲ್ಲೂ ಸಿಗದಂಥವು. ಬೆಲೆ ಮಾತಾಡುವಾಗ ಒಂದನ್ನು ತಿರುಗಿಸಿ ಬೆನ್ನು ನೋಡಿ. ಸುಣ್ಣದ ಗಾರೆ ಅಂಟಿದ್ದರೆ ಧೈರ್ಯವಾಗಿ ಕೊಳ್ಳಿ. ಸಿಮೆಂಟು ಅಂಟಿದ್ದರೆ ಬಿಡಿ, ಅದನ್ನು ಬಿಡಿಸಲು ಹೋದರೆ ಟೈಲೇ ಒಡೆಯುತ್ತದೆ.